ಸಕ್ಕರೆ ಚೀಲದೊಳಗೆ ಮಣ್ಣಿನ ಪಾಲೆಷ್ಟು?

ದೀಪಾವಳಿ ಆಸುಪಾಸಿಗೆ ಮುಧೋಳ, ಜಮಖಂಡಿ, ಅಥಣಿ, ಗೋಕಾಕದ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಶುರುವಾಗುತ್ತದೆ. ಎಕರೆಗೆ 40 ಟನ್ ಇಳುವರಿ ಕೊಟ್ಟ ಕಬ್ಬು ಅಷ್ಟು ಬೆಳೆಯುವ ಹೊತ್ತಿಗೆ ನೆಲದಿಂದ ಹೀರಿಕೊಂಡದ್ದು ಸುಮಾರು 80 ಕೆಜಿ ಸಾರಜನಕ, 20 ಕೆಜಿ ರಂಜಕ, 110 ಕೆಜಿ ಪೊಟ್ಯಾಷ್. ರಂಜಕ ಮತ್ತು ಪೊಟ್ಯಾಷನ್ನು ಇಲ್ಲಿ ಗೊಬ್ಬರದ ಚೀಲದ ಮೇಲೆ ಬರೆಯುವ ಲೆಕ್ಕದಲ್ಲೇ ಹೇಳಿದ್ದೇವೆ. ಅದೇ 40 ಟನ್ ಕಾರ್ಖಾನೆಗೆ ಹೋಗಿ 4 ಟನ್‌ಗಿಂತ ತುಸು ಹೆಚ್ಚು ಸಕ್ಕರೆಯಾಗಿ, ಎಂಬತ್ತಕ್ಕೂ ಹೆಚ್ಚು ಚೀಲಗಳಲ್ಲಿ ಜಿಲ್ಲೆ ಬಿಟ್ಟು ಹೋಗುತ್ತದೆ.

ಆ ಎಂಬತ್ತು ಚೀಲಗಳಲ್ಲಿ ಹೊಲದ ಸಾರಜನಕ ಎಷ್ಟಿದೆ? ಇಲ್ಲವೇ ಇಲ್ಲ. ರಂಜಕವೂ ಇಲ್ಲ, ಪೊಟ್ಯಾಷೂ ಇಲ್ಲ. ಸಕ್ಕರೆಯ ಒಂದು ಅಣುವಿನಲ್ಲಿರುವುದು 12 ಇಂಗಾಲ, 22 ಜಲಜನಕ, 11 ಆಮ್ಲಜನಕದ ಪರಮಾಣುಗಳು ಮಾತ್ರ. ಇಂಗಾಲ ಗಾಳಿಯಿಂದ ಬಂದದ್ದು, ಜಲಜನಕ ಹೊಳೆಯ ನೀರಿನಿಂದ. ಬಿಳಿ ಸಕ್ಕರೆ ಅಂದರೆ ಗಾಳಿ, ನೀರು, ಬಿಸಿಲು, ಅಷ್ಟೆ. ಹತ್ತಿಯ ಅರಳೆಯದೂ, ಕುಸುಬೆ ಎಣ್ಣೆಯದೂ ಇದೇ ಕತೆ. ಜೋಳ, ತೊಗರಿ, ಕಡಲೆ, ಹಾಲು, ಒಣದ್ರಾಕ್ಷಿ ಹಾಗಲ್ಲ. ಇವು ಹೊರಟಾಗ ಮಣ್ಣಿನ ಒಂದು ಪಾಲನ್ನು ಕಟ್ಟಿಕೊಂಡೇ ಹೊರಡುತ್ತವೆ.

ಹಾಗಾದರೆ ಕಬ್ಬು ಹೀರಿದ್ದೆಲ್ಲ ಎಲ್ಲಿಗೆ ಹೋಯಿತು? ರವದಿಯಲ್ಲಿ (ಕಬ್ಬಿನ ಒಣ ಗರಿ), ಸೋಗೆಯಲ್ಲಿ (ಹಸಿರು ತುದಿ), ಪ್ರೆಸ್‌ಮಡ್‌ನಲ್ಲಿ (ಕಬ್ಬಿನ ಹಾಲು ತಿಳಿಯಾಗಿಸಿದಾಗ ಉಳಿಯುವ ಕೆಸರು), ಮೊಲಾಸಿಸ್‌ನಲ್ಲಿ (ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವ ಕಪ್ಪು ಪಾಕ), ಬಾಯ್ಲರಿನ ಬೂದಿಯಲ್ಲಿ ಇದೆ, ಇಲ್ಲವೇ ಚಿಮಣಿಯಿಂದ ಹೊರಬಿದ್ದಿದೆ. ನಾವು ಕಸ ಅನ್ನುವುದರಲ್ಲೇ ಮಣ್ಣಿನ ಆಸ್ತಿ ಪೂರ್ತಿ ಇದೆ. ಪೋಷಕಾಂಶಗಳ ಚಕ್ರ ಎಂದು ಪಾಠಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸುವ ಚಿತ್ರವನ್ನು ನಮ್ಮ ಭಾಗದ ಹೊಲದಲ್ಲಿ ಓದಬೇಕಾದರೆ ಈ ಕಸದ ಬೆನ್ನು ಹತ್ತಬೇಕು.

ಎರಡು ಜಾತಿಯ ಚಕ್ರ

ಮೊದಲು ಒಂದು ವ್ಯತ್ಯಾಸ ತಲೆಯಲ್ಲಿರಲಿ. ಸಾರಜನಕ ಮತ್ತು ಇಂಗಾಲ ಗಾಳಿಗೆ ಹೋಗಬಲ್ಲವು, ಗಾಳಿಯಿಂದ ಮರಳಬಲ್ಲವು. ಗಂಧಕವೂ ಸ್ವಲ್ಪ ಮಟ್ಟಿಗೆ ಹಾಗೆಯೇ. ರಂಜಕ, ಪೊಟ್ಯಾಷ್, ಸುಣ್ಣ, ಸತು ಇವುಗಳಿಗೆ ಆ ದಾರಿ ಇಲ್ಲ. ಇವು ಕಲ್ಲಿನಿಂದ ಹುಟ್ಟಿ, ಮಣ್ಣಿನಲ್ಲಿ ತಿರುಗಿ, ಕೊನೆಗೆ ನೀರಿನ ಜೊತೆ ತಗ್ಗಿಗೆ ಇಳಿಯುತ್ತವೆ. ಕಳೆದುಹೋದ ಸಾರಜನಕವನ್ನು ಒಂದು ಕಡಲೆ ಬೆಳೆ ಗಾಳಿಯಿಂದ ಭಾಗಶಃ ಮರಳಿ ತರಬಹುದು. ಕಳೆದುಹೋದ ರಂಜಕವನ್ನು ತರುವ ಬೆಳೆ ಜಗತ್ತಿನಲ್ಲಿಲ್ಲ. ಎಲ್ಲಿಂದಲಾದರೂ ಹೊತ್ತು ತಂದೇ ಹಾಕಬೇಕು.

ಮಣ್ಣಿನ ದಾಸ್ತಾನು ನೋಡಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5 ಎಂದಿದ್ದರೆ ಅಲ್ಲಿ 4,500 ಕೆಜಿ ಇಂಗಾಲ ಇದೆ ಎಂದಾಯಿತು. ಮಣ್ಣಿನ ಸಾವಯವ ಅಂಶದಲ್ಲಿ ಇಂಗಾಲದ ಹತ್ತು–ಹನ್ನೆರಡರಲ್ಲಿ ಒಂದು ಪಾಲು ಸಾರಜನಕ, ಅಂದರೆ ಸುಮಾರು 400 ಕೆಜಿ. ಯೂರಿಯಾ ಲೆಕ್ಕದಲ್ಲಿ ಇದು ಹತ್ತೊಂಬತ್ತು ಚೀಲ. ಆದರೆ ಸೂಕ್ಷ್ಮಜೀವಿಗಳು ವರ್ಷಕ್ಕೆ ಬಿಡಿಸಿ ಕೊಡುವುದು ಅದರ ಶೇ 2–3, ಅಂದರೆ 8ರಿಂದ 12 ಕೆಜಿ. ಮೂಲಧನ ದೊಡ್ಡದು, ಬಡ್ಡಿ ಸಣ್ಣದು. ಇಂಗಾಲ ಶೇ 0.5ರಿಂದ 0.75ಕ್ಕೆ ಏರಿದರೆ ಬಡ್ಡಿಯೂ ಒಂದೂವರೆ ಪಟ್ಟಾಗುತ್ತದೆ. ಗೊಬ್ಬರ ಹಾಕಿದರೂ ಹೊಲ ಎದ್ದೇಳುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಈ ಮೂಲಧನ ಕರಗಿರುವುದೇ ಕಾರಣವಾಗಿರುತ್ತದೆ.

ಸಾರಜನಕದ ಅಡ್ಡದಾರಿಗಳು

ಗಾಳಿಯ ಶೇ 78 ಸಾರಜನಕ. ಆದರೆ ಅದರ ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದಿವೆಯೆಂದರೆ ಗಿಡಕ್ಕೆ ಅದು ಇದ್ದೂ ಇಲ್ಲದಂತೆ. ಸಿಡಿಲು ಆ ಬೆಸುಗೆ ಬಿಡಿಸುತ್ತದೆ, ಆದರೆ ವರ್ಷಕ್ಕೆ ಎಕರೆಗೆ ಒಂದೆರಡು ಕೆಜಿ ದಾಟುವುದಿಲ್ಲ. ಗೊಬ್ಬರದ ಕಾರ್ಖಾನೆಯಲ್ಲಿ ಇದನ್ನು ಬಿಡಿಸಲು 400–500 ಡಿಗ್ರಿ ಶಾಖ, ವಾತಾವರಣದ ಇನ್ನೂರು ಪಟ್ಟಿನಷ್ಟು ಒತ್ತಡ ಬೇಕು. ಕಡಲೆ ಗಿಡದ ಬೇರಿನ ಗಂಟಿನೊಳಗೆ ಕುಳಿತ ರೈಜೋಬಿಯಂ ಜೀವಾಣು ಅದೇ ಕೆಲಸವನ್ನು ಹೊಲದ ತಂಪಿನಲ್ಲಿ, ಗಿಡ ಕೊಡುವ ಸಕ್ಕರೆಯನ್ನು ಕೂಲಿಯಾಗಿ ಪಡೆದು ಮಾಡುತ್ತದೆ.

ಗಂಟು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯ ಬೇಡ. ಬಿತ್ತಿದ 40–45 ದಿನಕ್ಕೆ ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ನೀರಲ್ಲಿ ತೊಳೆದು, ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ದುಡಿಯುತ್ತಿದೆ. ಬಿಳಿ ಇದ್ದರೆ ಜೀವಾಣು ಒಳಹೊಕ್ಕಿದೆ, ಕೆಲಸ ಶುರುವಾಗಿಲ್ಲ. ಹಸಿರು, ಕಂದು ಇದ್ದರೆ ಅದರ ಕಾಲ ಮುಗಿಯಿತು. ಗಂಟೇ ಇಲ್ಲದಿದ್ದರೆ ಮುಂದಿನ ಸಲ 10 ಕೆಜಿ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ನೀರಲ್ಲಿ ಕಲಸಿ ಹಚ್ಚಿ, ನೆರಳಲ್ಲಿ ಒಣಗಿಸಿ ಬಿತ್ತಬೇಕು. ಬಿಸಿ ಪಾಕಕ್ಕೆ ಕಲಸಿದರೆ, ಬಿಸಿಲಿಗೆ ಒಣಹಾಕಿದರೆ, ಶಿಲೀಂಧ್ರನಾಶಕದ ಜೊತೆಗೇ ಬೆರೆಸಿದರೆ ಜೀವಾಣು ಸಾಯುತ್ತದೆ; ಪುಡಿ ಹಚ್ಚಿದ ಸಮಾಧಾನ ಮಾತ್ರ ಉಳಿಯುತ್ತದೆ. ಬಿತ್ತುವಾಗ ಯೂರಿಯಾ ಜಾಸ್ತಿ ಕೊಟ್ಟರೂ ಗಂಟು ಕಟ್ಟುವುದಿಲ್ಲ. ಪುಕ್ಕಟೆ ಸಿಕ್ಕಾಗ ಗಿಡ ಕೂಲಿ ಕೊಟ್ಟು ಆಳಿಡುವುದಿಲ್ಲ.

ಕಾಳಿನ ಬೆಳೆ ಬೆಳೆದರೆ ಹೊಲಕ್ಕೆ ಸಾರಜನಕ ತಾನಾಗೇ ಸೇರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ತೊಗರಿಯಲ್ಲಿ ಸುಮಾರು ಶೇ 22 ಪ್ರೋಟೀನ್. ಪ್ರೋಟೀನಿನ ಆರೂಕಾಲರಲ್ಲಿ ಒಂದು ಪಾಲು ಸಾರಜನಕ. ಹಾಗಾಗಿ ಒಂದು ಕ್ವಿಂಟಲ್ ತೊಗರಿ ಮೂರೂವರೆ ಕೆಜಿ ಸಾರಜನಕ ಹೊತ್ತು ಹೋಗುತ್ತದೆ. ಒಂದು ಕ್ವಿಂಟಲ್ ಜೋಳ ಹೊರುವುದು 1.6 ಕೆಜಿ. ತೊಗರಿ ಗಾಳಿಯಿಂದ ಇಳಿಸಿದ್ದರ ದೊಡ್ಡ ಭಾಗ ಕಾಳಿನ ಚೀಲ ಸೇರುತ್ತದೆ. ಮಣ್ಣಿಗೆ ಉಳಿಯುವುದು ಉದುರಿದ ಎಲೆ ಮತ್ತು ಬೇರು. ತೊಗರಿ ಎಲೆ ಉದುರಿಸುವ ಗಿಡ, ಬೇರು ಆಳ, ಆದ್ದರಿಂದ ನಂತರದ ಬೆಳೆಗೆ ಗುಣ ಕಾಣುತ್ತದೆ. ಕಡಲೆಯನ್ನು ಬೇರು ಸಮೇತ ಕಿತ್ತು, ರಾಶಿ ಮಾಡಿ, ಹೊಟ್ಟನ್ನೂ ಮನೆಗೆ ಒಯ್ದರೆ ಹೊಲಕ್ಕೆ ಸಿಗುವುದು ತೀರಾ ಕಡಿಮೆ. ಹೊಟ್ಟು ದನದ ಹೊಟ್ಟೆ ಸೇರಿ ಗೊಬ್ಬರವಾಗಿ ಅದೇ ಹೊಲಕ್ಕೆ ಮರಳಿದರೆ ಆ ಮಾತು ಬೇರೆ.

ಮಣ್ಣು ಸೇರಿದ ಸಾರಜನಕಕ್ಕೆ ಮುಂದೆ ಮೂರು ಕಡೆ ಸೋರಿಕೆ ಇದೆ. ಯೂರಿಯಾ ಚೀಲದ ದುಡ್ಡು ಹೋಗುವುದೂ ಈ ಮೂರರಲ್ಲೇ.

ಮೊದಲನೆಯದು ಮೇಲಕ್ಕೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಎರಡು–ನಾಲ್ಕು ದಿನದಲ್ಲಿ ಅಮೋನಿಯಂ ಮಾಡುತ್ತದೆ. ನಮ್ಮ ಎರೆ ಭೂಮಿಯ (ಕಪ್ಪು ಮಣ್ಣಿನ) ರಸಸಾರ (ಪಿಎಚ್) ಸಾಮಾನ್ಯವಾಗಿ 8 ದಾಟಿರುತ್ತದೆ. ಆ ಕ್ಷಾರದಲ್ಲಿ, ಬಿಸಿಲಲ್ಲಿ, ಮೇಲ್ಮಣ್ಣಿನಲ್ಲಿರುವ ಅಮೋನಿಯಂ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ಒದ್ದೆ ಬೋದಿನ ಮೇಲೆ ಯೂರಿಯಾ ಉಗ್ಗಿ ಬಿಟ್ಟರೆ ಮೂರರಲ್ಲಿ ಒಂದು ಪಾಲು ಹೋದರೂ ಅಚ್ಚರಿಯಿಲ್ಲ. ಎರಡು ಅಂಗುಲ ಮಣ್ಣಿನಡಿ ಮುಚ್ಚಿದರೆ, ಇಲ್ಲವೇ ಹಾಕಿದ ಕೂಡಲೇ ನೀರು ಹಾಯಿಸಿ ಕೆಳಗಿಳಿಸಿದರೆ ಈ ನಷ್ಟ ಬಹುಪಾಲು ನಿಲ್ಲುತ್ತದೆ.

ಎರಡನೆಯದು ಕೆಳಕ್ಕೆ. ಅಮೋನಿಯಂ ಧನ ವಿದ್ಯುದಂಶದ್ದು, ಜೇಡಿ ಕಣ ಋಣದ್ದು. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಒಂದರಿಂದ ಮೂರು ವಾರದೊಳಗೆ ಎರಡು ಗುಂಪಿನ ಜೀವಾಣುಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಕೂಡ ಋಣದ್ದು. ಹಿಡಿಯುವವರಿಲ್ಲ, ನೀರು ಹೋದಲ್ಲಿ ಅದೂ ಹೋಗುತ್ತದೆ. ಬೇರಿನ ಆಳ ದಾಟಿದರೆ ಬಾವಿ, ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಅದು ಮೀರಿದ ನೀರಲ್ಲಿ ಪುಡಿ ಹಾಲು ಕಲಸಿ ಹಸುಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ದಟ್ಟವಾಗುತ್ತದೆ.

ಮೂರನೆಯದು ನೀರು ನಿಂತಲ್ಲಿ. ಕೃಷ್ಣಾ ತೀರದ ಸವಳು–ಜವಳು ಹೊಲಗಳಲ್ಲಿ ಇದೇ ದೊಡ್ಡ ಬಾಗಿಲು. ಮಣ್ಣಿನ ಸಂದುಗಳಲ್ಲಿ ಗಾಳಿ ಮುಗಿದಾಗ ಕೆಲವು ಜೀವಾಣುಗಳು ಉಸಿರಾಟಕ್ಕೆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಂಡು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಅದರಲ್ಲಿ ಸ್ವಲ್ಪ ನೈಟ್ರಸ್ ಆಕ್ಸೈಡ್ ಆಗಿ ಹೋಗುತ್ತದೆ; ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 270ಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಕಾಯಿಸುವ ಅನಿಲ ಅದು. ಸವಳಾದ ಹೊಲದಲ್ಲಿ ಕಬ್ಬು ಹಳದಿಯಾಯಿತೆಂದು ಮತ್ತೆ ಯೂರಿಯಾ ಸುರಿಯುವುದು ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ. ಅಲ್ಲಿ ಮೊದಲು ಬೇಕಾದದ್ದು ಬಸಿಗಾಲುವೆ, ಗೊಬ್ಬರವಲ್ಲ.

ಖಾಲಿ ಹೊಲವೂ ಸೋರುತ್ತದೆ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ 1965ರ ಕೊನೆಗೆ ವಿಜ್ಞಾನಿಗಳು ಒಂದು ಪುಟ್ಟ ಕಣಿವೆಯ ಮರಗಳನ್ನೆಲ್ಲ ಕಡಿದು, ದಿಮ್ಮಿಗಳನ್ನು ಅಲ್ಲೇ ಬಿಟ್ಟು, ಹೊಸ ಚಿಗುರು ಬಾರದಂತೆ ಕಳೆನಾಶಕ ಸಿಂಪಡಿಸಿದರು. ಒಂದು ಕಟ್ಟಿಗೆಯನ್ನೂ ಹೊರಗೆ ಒಯ್ಯಲಿಲ್ಲ. ಆದರೂ ಆ ಕಣಿವೆಯಿಂದ ಹರಿಯುವ ತೊರೆಯಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಏರಿತು. ಕೊಳೆಯುವ ಕೆಲಸ ನಿಂತಿರಲಿಲ್ಲ, ಹೀರುವ ಬೇರು ನಿಂತಿತ್ತು, ಅಷ್ಟೇ.

ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಅಷ್ಟು ಮಳೆ ಸುರಿದರೂ ಹಳ್ಳದ ನೀರಿಗೆ ಪೋಷಕಾಂಶ ಹೆಚ್ಚು ಸೋರದಿರುವುದು ಅಲ್ಲಿ ಹೀರುವ ಬೇರು ಸದಾ ಇರುವುದರಿಂದ. ಎಲೆ ಉದುರುವ ಮುನ್ನವೇ ಮರ ಅದರ ಸಾರಜನಕ, ರಂಜಕದ ಸುಮಾರು ಅರ್ಧವನ್ನು ಒಳಗೆ ಎಳೆದುಕೊಳ್ಳುತ್ತದೆ. ಉಳಿದದ್ದು ತರಗೆಲೆಯಾಗಿ ಬಿದ್ದು, ಗೆದ್ದಲು, ಎರೆಹುಳು, ಅಣಬೆಯ ಬಲೆಯ ಪಾಲಾಗುತ್ತದೆ. ಬೇರಿಗೆ ಅಂಟಿಕೊಂಡ ಶಿಲೀಂಧ್ರದ ಎಳೆಗಳು ಕರಗಿದ ಕೂಡಲೇ ಹಿಡಿದು ಮತ್ತೆ ಮರಕ್ಕೆ ಮುಟ್ಟಿಸುತ್ತವೆ. ಕೆಳಗಿನ ಕೆಂಪು ಜಂಬಿಟ್ಟಿಗೆ ಮಣ್ಣು ಬಡವೆ. ಆಸ್ತಿಯೆಲ್ಲ ಮರದಲ್ಲಿ, ಮೇಲಿನ ಒಂದು ಗೇಣಿನಲ್ಲಿ. ಕಾಡು ಕಡಿದು ಗದ್ದೆ ಮಾಡಿದರೆ ಎರಡು–ಮೂರು ಬೆಳೆ ಭರ್ಜರಿ, ಆಮೇಲೆ ಬರೀ ಸೊರಗು.

ಹಬರ್ಡ್ ಬ್ರೂಕ್‌ನ ಪ್ರಯೋಗವನ್ನು ವಿಜಯಪುರ ಜಿಲ್ಲೆಯಲ್ಲಿ ಪ್ರತಿ ವರ್ಷ ಲಕ್ಷಾಂತರ ಎಕರೆಯಲ್ಲಿ ನಡೆಸುತ್ತೇವೆ ಅಂದರೆ ಅತಿಶಯವಾಗದು. ಡೋಣಿ ಸಾಲಿನ ಎರೆ ಹೊಲ ಮುಂಗಾರಿನಲ್ಲಿ ಬರಿದಾಗಿರುತ್ತದೆ. ಹರಗಿ ಹರಗಿ ಹದ ಮಾಡಿ, ಮಳೆನೀರು ಕುಡಿಸಿ, ಹಿಂಗಾರಿ ಜೋಳಕ್ಕೆ ಕಾಯುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತ ಸೂಕ್ಷ್ಮಜೀವಿಗಳ ದೇಹವೇ ಮೊದಲ ಮಳೆಗೆ ಬದುಕಿ ಎದ್ದವುಗಳಿಗೆ ಊಟ. ಆ ಕೆಲವೇ ದಿನದಲ್ಲಿ ಬಿಡುಗಡೆಯಾಗುವ ಸಾರಜನಕ ವರ್ಷದ ಬಡ್ಡಿಯ ಒಂದು ದೊಡ್ಡ ಕಂತು. ಹೀರಲು ಬೇರಿಲ್ಲ. ಸೆಪ್ಟೆಂಬರಿನ ದೊಡ್ಡ ಮಳೆಗೆ ಎರೆ ಉಬ್ಬಿ ಬಿರುಕು ಮುಚ್ಚಿ ನೀರು ನಿಂತರೆ ಆ ನೈಟ್ರೇಟ್ ಗಾಳಿಗೆ, ಇಲ್ಲವೇ ಆಳಕ್ಕೆ.

ನೀರು ಉಳಿಸುವುದಕ್ಕೆ ಹೊಲ ಬಿಡುತ್ತೇವೆ ಎಂಬ ವಾದದಲ್ಲಿ ಹುರುಳಿದೆ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯ ಊರಿನಲ್ಲಿ ಅದನ್ನು ತಳ್ಳಿಹಾಕಲಾಗದು. ಆದರೆ ಮುಂಗಾರು ಜೂನಿನಲ್ಲೇ ಚೆನ್ನಾಗಿ ಹಿಡಿದ ವರ್ಷ ಹೆಸರು ಬಿತ್ತಿ, 65–70 ದಿನಕ್ಕೆ ಕಾಯಿ ಬಿಡಿಸಿ, ಹಸಿರು ಬಳ್ಳಿಯನ್ನು ಅಲ್ಲೇ ಮಗುಚಬಹುದು. ಸೆಣಬು ಬಿತ್ತಿದರೆ 40–45 ದಿನಕ್ಕೆ, ಹೂ ಮೂಡುವ ಮುನ್ನ ಮಗುಚಬೇಕು. ತಡವಾದರೆ ದಂಟು ನಾರಾಗಿ ಕೊಳೆಯುವುದಿಲ್ಲ. ಮಗುಚಿದ ಮೇಲೆ ಜೋಳ ಬಿತ್ತಲು ಕನಿಷ್ಠ ಮೂರು ವಾರ, ಮತ್ತು ಒಂದು ಹದ ಮಳೆ ಬೇಕು. ಮಳೆ ಕೈಕೊಟ್ಟ ವರ್ಷ ಇದನ್ನು ಮಾಡಲು ಹೋದರೆ ಜೋಳಕ್ಕೆ ಉಳಿಯಬೇಕಿದ್ದ ತೇವವೂ ಹೋಗುತ್ತದೆ.

ರವದಿ

ಕಬ್ಬಿಗೆ ಮರಳೋಣ. ಎಕರೆಗೆ ಮೂರೂವರೆ–ನಾಲ್ಕು ಟನ್ ರವದಿ ಬೀಳುತ್ತದೆ. ಅದರಲ್ಲಿ ಸಾರಜನಕ ಸುಮಾರು ಶೇ 0.4, ಪೊಟ್ಯಾಷ್ ಶೇ 0.5 ಎಂದು ಹಿಡಿದರೂ 14–16 ಕೆಜಿ ಸಾರಜನಕ, 17–20 ಕೆಜಿ ಪೊಟ್ಯಾಷ್. ಕಡ್ಡಿ ಗೀರಿದರೆ ಇಂಗಾಲ ಮತ್ತು ಸಾರಜನಕ ಹೆಚ್ಚುಕಡಿಮೆ ಪೂರ್ತಿ, ಗಂಧಕದ ಬಹುಪಾಲು, ರಂಜಕ–ಪೊಟ್ಯಾಷಿನಲ್ಲೂ ಒಂದು ಪಾಲು ಹೊಗೆಯ ಜೊತೆ ಹೋಗುತ್ತದೆ. ಸುಟ್ಟ ಹೊಲದಲ್ಲಿ ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬೇಗ ಒಡೆದು ಹಸಿರಾಗುತ್ತದೆ ಎನ್ನುವುದು ಸುಳ್ಳಲ್ಲ. ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ನೀರಿಗೇ ಕರಗಿ ಸಿಗುತ್ತದೆ, ಬೋದಿಗೆ ಬಿಸಿಲು ತಾಕಿ ಮೊಳಕೆ ಬೇಗ ಬರುತ್ತದೆ. ಕಣ್ಣಿಗೆ ಕಾಣುವ ಲಾಭ ಆರು ವಾರದ್ದು, ಕಾಣದ ನಷ್ಟ ಇಂಗಾಲದ ಮೂಲಧನದ್ದು.

ಸುಡದೆ ಕೊಳೆಸುವ ರೀತಿ ಹೀಗೆ. ಕಬ್ಬನ್ನು ನೆಲಕ್ಕೆ ಸಮ ಕಡಿಯಬೇಕು. ಮೋಟು ಉಳಿದಿದ್ದರೆ ಹರಿತವಾದ ಕೊಡಲಿಯಿಂದ ಸವರಬೇಕು. ಮೋಟಿನ ಮೇಲಿನ ಕಣ್ಣಿನಿಂದ ಬಂದ ಮೊಳಕೆಗೆ ತನ್ನದೇ ಬೇರು ಇಳಿಯುವುದಿಲ್ಲ. ಸಾಲಿನ ಅಂತರ ನಾಲ್ಕು–ಐದು ಅಡಿ ಇದ್ದರೆ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು, ಖಾಲಿ ಸಾಲಿನಲ್ಲಿ ನೀರು ಹಾಯಿಸಬಹುದು. ಎಲ್ಲ ಸಾಲಿಗೂ ತುಂಬಿದರೆ ನೀರು ಮುಂದೆ ಹೋಗದೆ ಒಡ್ಡು ಒಡೆಯುತ್ತದೆ. ಬಹಳ ಮಂದಿ ಬೇಸತ್ತು ಮತ್ತೆ ಕಡ್ಡಿ ಗೀರುವುದು ಈ ಒಂದು ತೊಂದರೆಗೇ. ಹನಿ ನೀರಾವರಿ ಇದ್ದರೆ ಈ ಚಿಂತೆ ಇಲ್ಲ. ರವದಿ ಪುಡಿ ಮಾಡುವ ಯಂತ್ರ ಸಿಕ್ಕರೆ ಕೊಳೆಯುವ ಕಾಲ ಇನ್ನೂ ಕಡಿಮೆಯಾಗುತ್ತದೆ. ನಂತರ ಒಂದು ಟನ್ ರವದಿಗೆ 8 ಕೆಜಿ ಯೂರಿಯಾ, 10 ಕೆಜಿ ಸೂಪರ್ ಫಾಸ್ಫೇಟ್, ಸೆಗಣಿ ರಾಡಿಯಲ್ಲಿ ಕಲಸಿದ 1 ಕೆಜಿ ಕೊಳೆಸುವ ಜೀವಾಣು. ಎಕರೆಯ ಲೆಕ್ಕದಲ್ಲಿ ಯೂರಿಯಾ 30 ಕೆಜಿ, ಸೂಪರ್ 40 ಕೆಜಿ ಆಸುಪಾಸು.

ಕೊಳೆಸುವುದಕ್ಕೆ ಯೂರಿಯಾ ಯಾಕೆ? ರವದಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರರಷ್ಟು ಪಾಲು ಇಂಗಾಲ ಇದೆ. ಕೊಳೆಸುವ ಜೀವಾಣುವಿಗೆ ಬೇಕಾದ ಊಟದಲ್ಲಿ ಈ ಪ್ರಮಾಣ ಒಂದಕ್ಕೆ ಇಪ್ಪತ್ತನಾಲ್ಕು. ಕೊರತೆ ಬಿದ್ದ ಸಾರಜನಕವನ್ನು ಅದು ಮಣ್ಣಿನಿಂದ ಕಸಿಯುತ್ತದೆ. ಗಿಡದ ಬೇರಿಗಿಂತ ಜೀವಾಣುವಿನ ಕೈ ವೇಗ. ಆಗ ಕುಳೆ ಎರಡು ತಿಂಗಳು ಹಳದಿ ನಿಲ್ಲುತ್ತದೆ. ಕಸಿದದ್ದು ಕಳೆದುಹೋಗಿಲ್ಲ, ಜೀವಾಣು ಸತ್ತಾಗ ಮರಳುತ್ತದೆ. ಆದರೆ ಕುಳೆ ತೆಂಡೆ ಒಡೆಯುವ ಕಾಲ ಕಾಯುವುದಿಲ್ಲ. ಇನ್ನೊಂದು ತಪ್ಪು: ಒಣ ರವದಿ ಮೇಲೆ ಯೂರಿಯಾ ಉಗ್ಗಿ, ಇಬ್ಬನಿಗೆ ಬಿಟ್ಟು ಬರುವುದು. ರವದಿಯಲ್ಲಿ ಯೂರಿಯೇಸ್ ಕಿಣ್ವ ಧಾರಾಳ, ಅಮೋನಿಯಂ ಹಿಡಿಯುವ ಜೇಡಿ ಇಲ್ಲ. ಇಬ್ಬನಿಗೆ ಕರಗಿದ ಯೂರಿಯಾ ಬೆಳಗಿನ ಬಿಸಿಲಿಗೆ ಅಮೋನಿಯಾ ಆಗಿ ಎದ್ದು ಹೋಗುತ್ತದೆ. ಉಗ್ಗಿದ ದಿನವೇ ನೀರು ಕೊಡಬೇಕು.

ರಂಜಕ ಪ್ರೆಸ್‌ಮಡ್‌ಗೆ, ಪೊಟ್ಯಾಷ್ ಮೊಲಾಸಿಸ್‌ಗೆ

ಕಾರ್ಖಾನೆಯೊಳಗೆ ಕಬ್ಬಿನ ಹಾಲಿಗೆ ಸುಣ್ಣ ಬೆರೆಸುತ್ತಾರೆ. ಹಾಲಿನಲ್ಲಿರುವ ರಂಜಕ ಸುಣ್ಣದ ಜೊತೆ ಸೇರಿ ಹಿಂಜಿದ ಅರಳೆಯ ಹಾಗೆ ಗಟ್ಟಿಯಾಗುತ್ತದೆ, ಪ್ರೋಟೀನು, ಮೇಣ, ಮಣ್ಣನ್ನೆಲ್ಲ ಅಪ್ಪಿಕೊಂಡು ತಳಕ್ಕಿಳಿಯುತ್ತದೆ. ಅದೇ ಪ್ರೆಸ್‌ಮಡ್, ನುರಿಸಿದ ಕಬ್ಬಿನ ಶೇ 3–4. ಹಾಲು ತಿಳಿಯಾಗುವುದೇ ಹೊಲದ ರಂಜಕದಿಂದ. ಹಸಿ ಪ್ರೆಸ್‌ಮಡ್ಡನ್ನು ತಂದವರು ಹಾಗೇ ಹೊಲಕ್ಕೆ ಸುರಿದರೆ ಅದು ಒಳಗೊಳಗೇ ಕಾದು ಬೇರು ಸುಡುತ್ತದೆ, ಮೇಣ ನೀರನ್ನು ಇಂಗಗೊಡುವುದಿಲ್ಲ. ಉದ್ದ ಒಡ್ಡಿನಂತೆ ಹಾಕಿ, ತೇವ ಕಾಯ್ದು, ವಾರಕ್ಕೊಮ್ಮೆ ಮಗುಚಿ, ಎರಡು–ಮೂರು ತಿಂಗಳು ಕೊಳೆಸಿದ ಮೇಲೆ ಬಳಸಬೇಕು. ಮುಟ್ಟಿದರೆ ಬಿಸಿ ಇರಬಾರದು, ವಾಸನೆ ಮೊದಲ ಮಳೆಯ ಮಣ್ಣಿನದಿರಬೇಕು.

ರಂಜಕವನ್ನು ಮಣ್ಣಿಗೆ ಹಾಕುವುದು ಸುಲಭ, ಗಿಡಕ್ಕೆ ಮುಟ್ಟಿಸುವುದು ಕಷ್ಟ. 50 ಕೆಜಿ ಡಿಎಪಿ ಚೀಲದಲ್ಲಿ 23 ಕೆಜಿ ರಂಜಕ; ಮೊದಲ ಬೆಳೆಗೆ ಸಿಗುವುದು ಅದರ ಐದು–ಆರರಲ್ಲಿ ಒಂದು ಪಾಲು. ಸುಣ್ಣದ ಹರಳಿರುವ ನಮ್ಮ ಎರೆಯಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗುತ್ತದೆ. ಮಣ್ಣಿನಲ್ಲಿ ಅದರ ನಡಿಗೆ ಮಿಲಿಮೀಟರ್ ಲೆಕ್ಕದ್ದು, ಬೇರೇ ಅದರ ಬಳಿ ಹೋಗಬೇಕು. ಮೇಲೆ ಉಗ್ಗಿದ ಡಿಎಪಿ ಮೇಲೇ ಕೂತಿರುತ್ತದೆ. ಬೀಜ–ಗೊಬ್ಬರದ ಕೂರಿಗೆಯಲ್ಲಿ ಬೀಜದ ಪಕ್ಕ, ಎರಡು ಅಂಗುಲ ಕೆಳಗೆ ಸಾಲಾಗಿ ಬಿದ್ದಾಗಲೇ ಅದು ದುಡಿಯುವುದು. ವರ್ಷಗಟ್ಟಲೆ ಡಿಎಪಿ ತಿಂದ ನೀರಾವರಿ ಹೊಲಗಳಲ್ಲಿ ಹೀಗೆ ಬೀಗ ಬಿದ್ದ ರಂಜಕ ಸಾಕಷ್ಟಿರಬಹುದು. ಕೊಳೆಯುವ ಸಾವಯವ ಪದಾರ್ಥದ ಆಮ್ಲ ಮತ್ತು ರಂಜಕ ಕರಗಿಸುವ ಜೀವಾಣು ಆ ಬೀಗವನ್ನು ನಿಧಾನಕ್ಕೆ ಸಡಿಲಿಸುತ್ತವೆ. ಮಣ್ಣು ಪರೀಕ್ಷೆಯಲ್ಲಿ ರಂಜಕ ಹೆಚ್ಚು ಎಂದು ಬಂದರೂ ಅಭ್ಯಾಸಬಲದಿಂದ ಡಿಎಪಿ ಸುರಿದರೆ ಸತುವಿನ ಕೊರತೆಯೂ ಬೆನ್ನಿಗೇ ಬರುತ್ತದೆ.

ಪೊಟ್ಯಾಷಿನ ಸ್ವಭಾವ ಬೇರೆ. ಅದು ಗಿಡದ ಯಾವ ಅಂಗದಲ್ಲೂ ಬೆಸೆದುಕೊಳ್ಳುವುದಿಲ್ಲ, ರಸದಲ್ಲಿ ಉಪ್ಪಿನಂತೆ ಕರಗಿರುತ್ತದೆ. ಬಯಲಲ್ಲಿ ಬಿದ್ದ ಕಣಿಕೆಗೆ (ಜೋಳದ ಒಣ ದಂಟಿಗೆ) ನಾಲ್ಕು ಮಳೆ ಹೊಡೆದರೆ ಪೊಟ್ಯಾಷ್ ತೊಳೆದು ಹೋಗಿರುತ್ತದೆ, ಕೊಳೆಯುವುದೂ ಬೇಕಿಲ್ಲ. ಕಾರ್ಖಾನೆಯಲ್ಲೂ ಸುಣ್ಣಕ್ಕೆ ಸಿಗದೆ, ಸಕ್ಕರೆ ಹರಳಿಗೆ ಸೇರದೆ ಮೊಲಾಸಿಸ್‌ನಲ್ಲಿ ಉಳಿಯುತ್ತದೆ. ಅಲ್ಲಿಂದ ಡಿಸ್ಟಿಲರಿಗೆ ಹೋದರೆ ಆಲ್ಕೊಹಾಲ್ ಆಗಿ ಹಾರುವುದು ಮತ್ತೆ ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಪೊಟ್ಯಾಷ್ ಪೂರ್ತಿ ಕಂದು ತ್ಯಾಜ್ಯದ್ರವದಲ್ಲಿ. ಅದನ್ನು ಬತ್ತಿಸಿ ಸುಟ್ಟ ಬೂದಿಯಿಂದ ತಯಾರಿಸುವ ಶೇ 14.5 ಪೊಟ್ಯಾಷಿನ ಗೊಬ್ಬರ ಪಿಡಿಎಂ (ಮೊಲಾಸಿಸ್‌ನಿಂದ ತೆಗೆದ ಪೊಟ್ಯಾಷ್) ಎಂಬ ಹೆಸರಿನಲ್ಲಿ 2021ರಿಂದ ಕೇಂದ್ರದ ಸಹಾಯಧನದ ಪಟ್ಟಿಯಲ್ಲಿದೆ. ಹಡಗಿನಲ್ಲಿ ಬರುವ ಪೊಟ್ಯಾಷಿನಲ್ಲಿ ಶೇ 60 ಇರುತ್ತದೆ ನಿಜ. ಆದರೆ ಪಿಡಿಎಂ ಚೀಲದಲ್ಲಿರುವುದು ಕಬ್ಬಿನ ಹೊಲದ್ದೇ ಪೊಟ್ಯಾಷ್. ಕೊಳ್ಳುವಾಗ ಚೀಲದ ಬೆಲೆ ನೋಡದೆ, ಒಂದು ಕೆಜಿ ಪೊಟ್ಯಾಷಿಗೆ ಬೆಲೆ ಎಷ್ಟು ಬಿತ್ತೆಂದು ಭಾಗಿಸಿ ನೋಡಬೇಕು.

ಮಹಾಲಿಂಗಪುರದ ಪೇಟೆಗೆ ಬರುವ ಬೆಲ್ಲದ ಲೆಕ್ಕ ಸಕ್ಕರೆಯಂತಲ್ಲ. ಮೊಲಾಸಿಸ್ ಬೇರ್ಪಡಿಸದ ಕಾರಣ ಬೆಲ್ಲದಲ್ಲಿ ಪೊಟ್ಯಾಷ್ ಇದ್ದೇ ಇರುತ್ತದೆ. ಗಾಣದ ಒಲೆಯ ಬೂದಿಯನ್ನು ಹೊಲಕ್ಕೆ ಮರಳಿಸಿದರೆ ಆ ಬಾಕಿಯಲ್ಲಿ ಸ್ವಲ್ಪ ತೀರುತ್ತದೆ.

ಗಂಜಲ

ದನದ ವಿಷಯದಲ್ಲಿ ಎಲ್ಲರ ಕಣ್ಣು ಸೆಗಣಿಯ ಮೇಲೆ. ತಿಂದ ಸಾರಜನಕದಲ್ಲಿ ಹಾಲಿಗೆ ಹೋಗುವುದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲಿನಲ್ಲಿ ಅರ್ಧದಷ್ಟು ಗಂಜಲದಲ್ಲಿ ಹೋಗುತ್ತದೆ. ಪೊಟ್ಯಾಷಿನ ಬಹುಪಾಲೂ ಗಂಜಲದಲ್ಲೇ, ಸೆಗಣಿಯಲ್ಲಿರುವುದು ಮುಖ್ಯವಾಗಿ ರಂಜಕ. ಮುಂಜಾನೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮೂಗಿಗೆ ಚುಚ್ಚುವ ಘಾಟು ಅಂದರೆ ರಾತ್ರಿಯಿಡೀ ಹಾರಿಹೋದ ಸಾರಜನಕ. ದನ ತಿಂದು ಬಿಟ್ಟ ಕಣಿಕೆ ಚೂರು, ಹೊಟ್ಟನ್ನು ಕಾಲಡಿ ಹಾಸಿ, ನೆನೆದದ್ದನ್ನು ದಿನಾ ತಿಪ್ಪೆಗೆ ಹಾಕಿದರೆ ಹೀರುವ ಇಂಗಾಲ ಮತ್ತು ಹಾರುವ ಸಾರಜನಕ ಒಂದನ್ನೊಂದು ಹಿಡಿಯುತ್ತವೆ. ತಿಪ್ಪೆ ಗುಂಡಿ ಮೂರು ಅಡಿ ಆಳ ಸಾಕು. ಮೇಲೆ ನೆರಳು, ತುಂಬಿದ ಮೇಲೆ ಎರಡು ಅಂಗುಲ ಮಣ್ಣಿನ ಹೊದಿಕೆ. ರಸ್ತೆ ಬದಿಯ ಬಯಲು ತಿಪ್ಪೆಯಿಂದ ಮಳೆಗಾಲದಲ್ಲಿ ಹರಿಯುವ ಕಂದು ನೀರು ಪೊಟ್ಯಾಷ್ ಮತ್ತು ನೈಟ್ರೇಟಿನ ಕಷಾಯ. ಕುಳ್ಳು ಸುಟ್ಟರೆ ಸಾರಜನಕ ಹೋಯಿತು. ಬೂದಿಯನ್ನಾದರೂ ತಿಪ್ಪೆಗೆ ಸುರಿದರೆ ರಂಜಕ, ಪೊಟ್ಯಾಷ್ ಉಳಿಯುತ್ತವೆ.

ಹೊಲದಲ್ಲಿ ಕುರಿ ತರುಬಿಸುವ (ಮಂದೆಯನ್ನು ರಾತ್ರಿ ತಂಗಿಸುವ) ಪದ್ಧತಿ ಇಲ್ಲಿ ಗೆಲ್ಲುತ್ತದೆ: ಗಂಜಲ ನೇರ ಮಣ್ಣಿಗೆ. ಕುರಿ ಎದ್ದು ಹೋದ ಒಂದೆರಡು ದಿನದಲ್ಲೇ ಹರಗಿ ಮಣ್ಣು ಮುಚ್ಚಬೇಕು. ಬೇಸಿಗೆಯಲ್ಲಿ ತಿಂಗಳು ಬಿಟ್ಟು ಹರಗುವವರಿಗೆ ಹಿಕ್ಕೆ ಸಿಗುತ್ತದೆ, ಗಂಜಲದ ಸಾರಜನಕದಲ್ಲಿ ಹೆಚ್ಚಿನದು ಹೋಗಿರುತ್ತದೆ.

ಹೊಳೆಗೆ ಇಳಿದದ್ದು, ಹೂಳಾಗಿ ಕೂತದ್ದು

ಹೊಲದಿಂದ ಕೊಚ್ಚಿ ಹೋಗುವ ರಂಜಕ ನೀರಿನಲ್ಲಿ ಕರಗಿ ಹೋಗುವುದು ಕಡಿಮೆ, ಮಣ್ಣಿನ ಕಣಕ್ಕೆ ಅಂಟಿ ಹೋಗುವುದೇ ಹೆಚ್ಚು. ಇಳಿಜಾರಿಗೆ ಅಡ್ಡ ಉತ್ತು, ಬದು ಗಟ್ಟಿಯಿದ್ದ ಹೊಲದ ರಂಜಕ ಹೊಲದಲ್ಲೇ ಇರುತ್ತದೆ. ಇದರ ಮೇಲೆ ಊರಿನ ಚರಂಡಿ. ಒಬ್ಬ ಮನುಷ್ಯನ ದೇಹದಿಂದ ವರ್ಷಕ್ಕೆ ಸುಮಾರು 4 ಕೆಜಿ ಸಾರಜನಕ ಹೊರಬೀಳುತ್ತದೆ; ಒಂದು ಲಕ್ಷ ಜನರಿರುವ ಊರಿನದು 400 ಟನ್, ಹತ್ತೊಂಬತ್ತು ಸಾವಿರ ಚೀಲ ಯೂರಿಯಾದಷ್ಟು. ಹೊಲದಿಂದ ಜೋಳ, ಬೇಳೆಯಾಗಿ ಬಂದದ್ದು ಅದು. ಹಿಂದಿರುಗುವ ದಾರಿ ಮಾತ್ರ ಹೊಲದ ಕಡೆಗಿಲ್ಲ.

ನಿಂತ ನೀರಿನಲ್ಲಿ ಒಂದು ಗ್ರಾಂ ರಂಜಕ ಸುಮಾರು ನೂರು ಗ್ರಾಂ ಒಣ ಪಾಚಿ ಬೆಳೆಸಬಲ್ಲದು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ತೀರುತ್ತದೆ. ಮೀನು ಬೆಳಗಿನ ಜಾವಕ್ಕೆ ಬಾಯಿ ತೆರೆದು ಮೇಲೆ ಬರುವುದು, ಸಾಯುವುದು ಆಗಲೇ. ತಳದಲ್ಲಿ ಆಮ್ಲಜನಕ ಮುಗಿದರೆ ಹೂಳು ಹಿಡಿದಿಟ್ಟಿದ್ದ ರಂಜಕವನ್ನು ಬಿಟ್ಟುಕೊಡುತ್ತದೆ, ಮತ್ತೆ ಪಾಚಿ. ಹೊಸ ಕೊಳಕು ನಿಲ್ಲಿಸಿದ ಮೇಲೂ ಕೆರೆ ಹಲವು ವರ್ಷ ಹಸಿರಾಗೇ ಇರುವುದು ಈ ಒಳಗಿನ ಸಾಲದಿಂದ. ಅಂತರಗಂಗೆಯನ್ನು ಕಿತ್ತು ದಡಕ್ಕೆ ಹಾಕಿ ಬಿಟ್ಟರೆ ಅದರ ರಂಜಕ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಒಣಗಿಸಿ ತಿಪ್ಪೆಗೆ ಸಾಗಿಸಿದರೆ ಮಾತ್ರ ಕಿತ್ತದ್ದಕ್ಕೆ ಅರ್ಥ.

ಹಿಂದೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಪ್ರವಾಹದಲ್ಲಿ ದಡದ ಹೊಲಗಳಿಗೆ ಮೆಕ್ಕಲು ಹರಡುತ್ತಿದ್ದವು. ಈಗ ಆ ಮಣ್ಣಿನ ಬಹುಪಾಲು ಹಿಡಕಲ್, ನವಿಲುತೀರ್ಥ, ಆಲಮಟ್ಟಿಯ ಹಿನ್ನೀರಿನ ತಳದಲ್ಲಿ ಕೂರುತ್ತದೆ. ಅದನ್ನು ಎತ್ತುವುದು ರೈತನ ಕೈಯಲ್ಲಿಲ್ಲ, ಊರ ಕೆರೆಯ ಹೂಳು ಕೈಗೆಟಕುತ್ತದೆ. ಒಂದು ಅಂಗುಲ ದಪ್ಪ ಹರಡಲು ಎಕರೆಗೆ ಸುಮಾರು 100 ಘನ ಮೀಟರ್ ಬೇಕು. 3 ಘನ ಮೀಟರ್ ಹಿಡಿಯುವ ಟ್ರೇಲರಿನಲ್ಲಿ ಮೂವತ್ಮೂರು–ಮೂವತ್ನಾಲ್ಕು ಹೇರು. ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಇದು ತೇವ ಹಿಡಿಯುವ ಜೇಡಿಯನ್ನೂ ಕೊಡುತ್ತದೆ. ಎರೆ ಹೊಲದಲ್ಲಿ ಜೇಡಿ ಮೊದಲೇ ಇರುವುದರಿಂದ ಬಾಡಿಗೆ ಹುಟ್ಟುವುದು ಕಷ್ಟ. ಏಪ್ರಿಲ್–ಮೇ ತಿಂಗಳಲ್ಲಿ ಹರಡಿ ಬಿಟ್ಟರೆ ಬಿಸಿಲಿಗೆ ಬಿರಿದು ಮುಂಗಾರಿಗೆ ತಾನೇ ಪುಡಿಯಾಗುತ್ತದೆ. ಹಸಿ ಹೆಂಟೆಯನ್ನು ಉತ್ತರೆ ಇಟ್ಟಿಗೆಯಾಗುತ್ತದೆ. ತರುವ ಮುನ್ನ ಹೂಳಿನ ಒಂದು ಮಾದರಿಯನ್ನು ಮಣ್ಣು ಪರೀಕ್ಷೆಗೆ ಕೊಟ್ಟು ಉಪ್ಪಿನಂಶ ನೋಡಬೇಕು, ಒಣಗಿದ ಮೇಲೆ ಬಿಳಿ ಪುಡಿ ಏಳುವ ಹೂಳು ಬೇಡ. ಅಗೆಯುವಾಗ ಕಪ್ಪು, ನುಣುಪು ಪದರ ಮುಗಿದು ಹಳದಿ ಬಿರುಸು ಮಣ್ಣು ಬಂದಲ್ಲಿ ನಿಲ್ಲಿಸಬೇಕು. ಅದು ಹೂಳಲ್ಲ, ಕೆರೆಯ ನೀರು ಇಂಗದಂತೆ ಹಿಡಿದಿರುವ ತಳ.